ಹಮಾಲಿ ಜಂಬುನಾಥ ಕೊಂಡ ರಾಡು

ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಮಾಲಿ ಮಾಡುತ್ತಿದ್ದ ಜಂಬುನಾಥನಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಹುಚ್ಚು ಹಿಡಿಯಿತು. ಹೆಣ್ಣಿನದೂ ಅಲ್ಲ, ಹೆಂಡದ್ದೂ ಅಲ್ಲ. ಭಾರ ಎತ್ತುವ ಹುಚ್ಚು. ದಿನವಿಡೀ ಚೀಲ ಹೊರುವವನಿಗೆ ಇದೆಂಥದು ಎಂದು ನೀವು ನಕ್ಕರೆ ತಪ್ಪಿಲ್ಲ. ಅವನ ಹೆಂಡತಿ ಹಂಪಮ್ಮನೂ ನಕ್ಕಳು.

"ಮಿಲ್ಲಿನಾಗ ಹೊರೋದು ಸಾಲ್ದೇನು? ಮನಿಗೆ ಬಂದು ಮತ್ತ ಹೊರ್ತಿಯಾ?"

"ಹೊರಾಕಲ್ಲಲೇ, ಎತ್ತಾಕ," ಎಂದ ಜಂಬುನಾಥ.

ಆದದ್ದಿಷ್ಟು. ಬಳ್ಳಾರಿಯ ಒಂದು ಹಾಸ್ಟೆಲ್ಲಿಗೆ ಅಕ್ಕಿ ಇಳಿಸಲು ಹೋದಾಗ, ಪಕ್ಕದ ಹಾಲಿನಲ್ಲಿ ನಡೆಯುತ್ತಿದ್ದ ಪವರ್‌ಲಿಫ್ಟಿಂಗ್ ಸ್ಪರ್ಧೆಯನ್ನು ಕಿಟಕಿಯಿಂದ ನೋಡಿದ. ಸಣಕಲು ಹುಡುಗಿಯೊಬ್ಬಳು ನೆಲದ ಮೇಲಿದ್ದ ರಾಡನ್ನು, ಎರಡೂ ತುದಿಯ ಪ್ಲೇಟುಗಳ ಸಮೇತ, ಎತ್ತಿ ನಿಂತಳು. ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಜನ ಚಪ್ಪಾಳೆ ತಟ್ಟಿದರು. ಯಾರ ಲಾರಿಗೂ ಅಲ್ಲ, ಯಾರ ಗೋದಾಮಿಗೂ ಅಲ್ಲ, ಸುಮ್ಮನೆ ಎತ್ತುವುದಕ್ಕಾಗಿಯೇ ಎತ್ತಿದ ಭಾರ! ಅಂದಿನಿಂದ ಚೀಲದ ಅಡಿಯಲ್ಲಿ ನಡೆಯುವಾಗಲೂ ಆ ರಾಡು ಅವನ ಕಣ್ಣೊಳಗೆ ಹೊಳೆಯ ಮೇಲಿನ ಕಟ್ಟಿಗೆಯಂತೆ ಹಗುರಾಗಿ ತೇಲುತ್ತಿತ್ತು.

ಕೈಯಲ್ಲಿದ್ದದ್ದು ಐದು ಸಾವಿರ. ಬಳ್ಳಾರಿಯ ಕೌಲ್ ಬಜಾರಿನ ಅಂಗಡಿಯೊಂದರಲ್ಲಿ ಆ ಬೆಲೆಗೆ ಥಳಥಳಿಸುವ ರಾಡು, ಪ್ಲೇಟು ಎರಡೂ ಬರುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಕ್ಕಿ ಮಿಲ್ಲಿನವನಿಗೆ ಹೇಳಿಕೊಡಬೇಕೆ? ರಾಡನ್ನು ನೆಲದ ಮೇಲೆ ಉರುಳಿಸಿದ. ಅದು ಕುಂಟುತ್ತ ಉರುಳಿತು. ನಡು ಆಗಲೇ ಸೊಟ್ಟ. ಬಿಟ್ಟು ಬಂದ.

ಕಂಟೋನ್ಮೆಂಟಿನಲ್ಲಿ ದುರುಗಣ್ಣ ಎಂಬುವರು ತಮ್ಮ ಜಿಮ್ ಮುಚ್ಚುತ್ತಿದ್ದರು. ಮೂಲೆಯಲ್ಲಿ ತುಕ್ಕು ಹಿಡಿದ ಹಳೆಯ ರಾಡೊಂದಿತ್ತು. ಉರುಳಿಸಿದರೆ ನೆಟ್ಟಗೆ ಗೋಡೆಯವರೆಗೂ ಹೋಯಿತು. ಹಿಡಿಯುವ ಕಡೆ ಕೊರೆದ ಸಣ್ಣ ಗೀರುಗಳು ಅಂಗೈಯನ್ನು ಕಚ್ಚಿ ಹಿಡಿದವು.

"ರೊಕ್ಕ ಎಲ್ಲಾ ರಾಡಿಗೇ ಹಾಕ್ರಿ. ಪ್ಲೇಟು ಅಂದ್ರ ಬರೇ ತೂಕ, ಏನಿದ್ರೂ ನಡೀತೈತಿ," ಎನ್ನುತ್ತ ದುರುಗಣ್ಣ ಜಿಮ್ಮಿನ ಪ್ಲೇಟುಗಳನ್ನೇ ನೂರು ಕಿಲೋದಷ್ಟು ತೊಡಿಸಿ, "ಎತ್ತಿ ನೋಡ್ರಿ" ಎಂದರು.

ಜಂಬುನಾಥ ರಾಡಿಗೆ ಬೆನ್ನು ಮಾಡಿ ಬಗ್ಗಿದ. ಬಗ್ಗಿ, ಕಾದ.

ದುರುಗಣ್ಣನವರಿಗೆ ಅರ್ಥವಾಗಲಿಲ್ಲ. ಜಂಬುನಾಥನಿಗೆ ಅರ್ಥವಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಮಾಲಿ ಚೀಲವನ್ನು ತಾನೇ ಎತ್ತುವುದಿಲ್ಲ. ಇಬ್ಬರು ಅತ್ತಿತ್ತ ಹಿಡಿದು ಬೆನ್ನಿಗೆ ಹೇರುತ್ತಾರೆ, ಅವನು ನಡೆಯುತ್ತಾನೆ. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಚೀಲ ಹೊತ್ತವನು ಒಂದನ್ನೂ ನೆಲದಿಂದ ತಾನೊಬ್ಬನೇ ಎತ್ತಿರಲಿಲ್ಲ. ತಿರುಗಿ ನಿಂತು ಎಳೆದ. ರಾಡು ಗೇಣುದ್ದ ಮೇಲೆ ಬಂದು ಧೊಪ್ಪನೆ ಬಿತ್ತು. ಅವನಿಗೆ ಅಳು ಬಂತು. ಆದರೂ ಕೊಂಡ. ಈಗಂತೂ ಎತ್ತಲೇಬೇಕಿತ್ತು.

ಪ್ಲೇಟಿಗೆ ದುಡ್ಡು ಉಳಿಯಲಿಲ್ಲ. ಕುರುಗೋಡಿನಲ್ಲಿ ಕಲ್ಲು ಕೆತ್ತುವ ಹಂಪಮ್ಮನ ತಮ್ಮ ಚಿದಾನಂದಪ್ಪ, ನಡುವೆ ತೂತಿರುವ ಎರಡು ಗುಂಡುಕಲ್ಲು ಮಾಡಿಕೊಟ್ಟ. ಒಂದೊಂದು ಐವತ್ತು ಕಿಲೋ. "ಜ್ವಾಳ ಬೀಸಾಕೇನು ಮಾವಾ?" ಎಂದು ಚೇಷ್ಟೆ ಬೇರೆ.

ಮೊದಲು ರಾಡಿನ ತುದಿಗಳಿಗೆ ಮರಳಿನ ಚೀಲ ಕಟ್ಟಿ ಎತ್ತಿದ. ವಾರವಾರವೂ ಮರಳು ಹೆಚ್ಚಿಸಿದ. ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಲ್ಲೆರಡನ್ನೂ ತೊಡಿಸಿದ. ಹಂಪಮ್ಮ ಕಸಬರಿಗೆ ಹಿಡಿದು ನಿಂತೇ ಬಿಟ್ಟಳು.

ರಾಡು ನೆಲ ಬಿಟ್ಟಿತು. ಮೊಣಕಾಲು ದಾಟಿತು. ಜಂಬುನಾಥ ನೆಟ್ಟಗೆ ನಿಂತ.

ಚೀಲ ಹೊತ್ತಾಗ ಅವನಿಗೆ ಕಾಣುತ್ತಿದ್ದದ್ದು ತನ್ನ ಕಾಲಿನ ಹೆಬ್ಬೆರಳು ಮಾತ್ರ. ಈಗ ಅಷ್ಟು ಭಾರ ಕೈಯಲ್ಲಿದ್ದರೂ ತಲೆ ಮೇಲಿತ್ತು. ಭತ್ತದ ಗದ್ದೆಯ ಮೇಲೆ ಮಂಜು ಮಲಗಿತ್ತು. ಅದರೊಳಗಿಂದ ಬೆಳ್ಳಕ್ಕಿಗಳು ಒಂದೊಂದಾಗಿ ಏಳುತ್ತಿದ್ದವು. ಎದುರಿಗೆ ಹಂಪಮ್ಮನ ಮುಖ.

"ಸಾಕು, ಇಳಸು," ಎಂದಳು ಅವಳು.

"ಇನ್ನೊಂದೀಟು ತಡಿ," ಎಂದ ಜಂಬುನಾಥ.