ಅರ್ವಿಡ್ ಬಾಕಿ ಇಟ್ಟ ಮೈಲಿಗಳು

ಅರ್ವಿಡ್ ನೀಮಿ ನಮ್ಮ ಮಿನ್ನೆಸೋಟಾದ ಗಣಿ ಯೂನಿಯನ್ನಿಗೆ ಇನ್ನೂ ನೂರೈವತ್ತು ಮೈಲಿ ಬಾಕಿ ಕೊಡಬೇಕು. ಬ್ಯಾಟರಿ ಪಿಕಪ್ ಕೊಂಡ ದಿನ ‘ಒಂದು ಚಾರ್ಜಿಗೆ ಮುನ್ನೂರು ಮೈಲಿ!’ ಎಂದು ಸಭೆಯಲ್ಲಿ ಎದೆ ತಟ್ಟಿಕೊಂಡಿದ್ದ. ಮುಷ್ಕರ ಹೂಡಿದ ನಮಗೆ ಊಟ ತರುವ ಅಡುಗೆ ಟ್ರೇಲರನ್ನು ಬೆನ್ನಿಗೆ ಕಟ್ಟಿದ ಮೇಲೆ ಗಾಡಿ ಅದರ ಅರ್ಧಕ್ಕೇ ಮಲಗುತ್ತದೆ. ತಪ್ಪು ಗಾಡಿಯದೆಂದು ಒಪ್ಪುವ ಆಸಾಮಿಯಲ್ಲ. ಎದುರುಗಾಳಿಯನ್ನು ಕಂಪನಿಯ ಏಜೆಂಟ್ ಎಂದು ಬೈಯುತ್ತಾನೆ, ಏರು ಬಂದರೆ ಸ್ಟಿಯರಿಂಗಿನ ಮೇಲೆ ಬಗ್ಗಿ ತಾನೇ ಎಳೆಯುವವನಂತೆ ತಿಣುಕುತ್ತಾನೆ, ಇಳಿಜಾರಿನಲ್ಲಿ ಚಕ್ರ ತಾನೇ ಉರುಳಿ ಬ್ಯಾಟರಿಗೆ ಒಂದು ಮೈಲಿ ವಾಪಸ್ ಜಮೆಯಾದರೆ ‘ಬೆಟ್ಟದ ಕೈಯಿಂದ ಕಿತ್ತುಕೊಂಡೆ ನೋಡ್ರೋ!’ ಎಂದು ಹಾರ್ನ್ ಬಾರಿಸುತ್ತಾನೆ. ಟ್ರ್ಯಾಕ್ಟರುಗಳು ಅವನನ್ನು ಹಿಂದೆ ಹಾಕಿ ಹೋದರೆ ದೊರೆಯಂತೆ ಕೈ ಬೀಸುತ್ತಾನೆ. ಚಾರ್ಜಿಂಗ್ ಜಾಗಗಳೋ ಬರೀ ಕಾರಿಗೆಂದು ಮಾಡಿದವು, ಟ್ರೇಲರ್ ಹಿಡಿಸದು. ಪ್ರತಿ ಸಲವೂ ಟ್ರೇಲರ್ ಬಿಚ್ಚಬೇಕು, ಚಾರ್ಜ್ ಮಾಡಬೇಕು, ಮತ್ತೆ ಕಟ್ಟಬೇಕು. ಗಣಿಯ ಗೇಟಿನಲ್ಲಿ ಹಸಿದು ನಿಂತ ನಾವು ಫೋನಿನಲ್ಲಿ ‘ಲೇ ಮುದುಕಾ, ಸೂಪೆಲ್ಲೋ?’ ಎಂದರೆ, ‘ಸೂಪು ಬರ್ತಿದೆ ಕಣ್ರೋ, ನನ್ನ ಸೊಂಟ ಬರ್ತಿಲ್ಲ!’ ಎನ್ನುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಜನವರಿಯ ಒಂದು ಮಧ್ಯಾಹ್ನ ನಾನೇ ಅವನ ಗಾಡಿಯ ಬಾಗಿಲು ತೆಗೆದೆ. ಒಳಗೂ ಹೊರಗಿನಷ್ಟೇ ಚಳಿ, ಅವನ ಮೀಸೆಯಲ್ಲಿ ಹಿಮ. ಹೀಟರ್ ಹಾಕಿದರೆ ಮೈಲಿ ಕರಗುತ್ತದೆಂದು ಕಂಬಳಿ ಹೊದ್ದೇ ಬಂದಿದ್ದ. ಇಳಿದವನೇ, ಗಾಡಿಯಲ್ಲಿ ಮಿಕ್ಕ ಚಾರ್ಜಿಗೆ ಗೇಟಿನ ಬಳಿಯ ನಮ್ಮ ಡೇರೆಯ ಹೀಟರಿನ ವೈರು ಸಿಕ್ಕಿಸಿದ. ‘ಮನೆಗೆ ಹೆಂಗೆ ಹೋಗ್ತೀಯಣ್ಣ?’ ಎಂದೆ. ‘ಮೊದ್ಲು ಸೂಪು ಕುಡಿಯೋ, ಆರುತ್ತೆ’ ಎಂದ. ಎಪ್ಪತ್ತೆರಡು ವರ್ಷದ ಸೊಂಟ ಅದು. ನಿಮ್ಮೂರ ಹೆದ್ದಾರಿಯಲ್ಲಿ ಚಾರ್ಜಿಂಗ್ ಜಾಗ ಕಟ್ಟಲು ಸಭೆ ಕರೆದರೆ, ಟ್ರೇಲರ್ ಬಿಚ್ಚದೆ ಒಳಬಂದು ಹೊರಹೋಗುವ ಒಂದು ದಾರಿಯನ್ನು ನಕ್ಷೆಯಲ್ಲಿ ಬರೆಸಿಕೊಳ್ಳಿ. ಬರೆಸಿಕೊಳ್ಳದೆ ಕುರ್ಚಿ ಬಿಟ್ಟು ಏಳಬೇಡಿ.