ಬಿಶಾರಿ ಎಸೆದ ನೀಲಿ ಚೀಲ

ಬಿಶಾರಿಗೆ ಹಡಗುಗಳ ಪರಿಚಯ ಇದ್ದದ್ದು ಅವುಗಳ ಹೊಟ್ಟೆಯಿಂದ. ಹಡಗಿನ ಮೇಲಿನ ಜನರ ಪರಿಚಯ ಅವರ ಗದ್ದದಿಂದ. ಈಜಿಪ್ಟಿನ ಇಸ್ನಾ ಊರಿನ ಅಣೆಕಟ್ಟಿನ ಬಳಿ, ನೀರ್ಬಾಗಿಲು ತೆರೆಯಲೆಂದು ಬಿಳಿ ಹಡಗುಗಳು ಸಾಲಾಗಿ ಕಾಯುತ್ತ ನಿಂತಾಗ, ಅವುಗಳ ಪಕ್ಕದಲ್ಲಿ ಒಂದು ಹಸಿರು ದೋಣಿ ಅಂಟಿಕೊಂಡಿರುತ್ತಿತ್ತು. ದೋಣಿಯ ನಡುವೆ ಕಾಲು ಅಗಲಿಸಿ ನಿಂತವನು ಬಿಶಾರಿ. ಹಿಂದೆ ಕೂತು ಹುಟ್ಟು ಹಾಕುವವನು ಅವನ ಹೆಂಡತಿಯ ತಮ್ಮ ಹಗ್ಗಾಗ್. ದೋಣಿಯ ತುಂಬ ಚೀಲಗಳು, ಚೀಲಗಳಲ್ಲಿ ನಿಲುವಂಗಿ, ಶಾಲು, ಮೇಜಿನ ಹಾಸು.

ಮಾರುವ ರೀತಿ ಹೀಗೆ. ಮೊದಲು ವಸ್ತು ಮೇಲಕ್ಕೆ ಹಾರಬೇಕು, ಮಾತುಕತೆ ಆಮೇಲೆ. ನಾಲ್ಕನೇ ಅಂತಸ್ತಿನ ಮೇಲೆ ಈಜುಕೊಳದ ಪಕ್ಕ ಕಾಲು ಚಾಚಿ ಮಲಗಿದವರ ತೊಡೆಯ ಮೇಲೆ ಇದ್ದಕ್ಕಿದ್ದಂತೆ ಒಂದು ಚೀಲ ಬೀಳುತ್ತದೆ. ಅವರು ಬೆಚ್ಚಿ, ನಕ್ಕು, ಕಟಕಟೆಗೆ ಬಂದು ಕೆಳಗೆ ನೋಡುತ್ತಾರೆ. ಅಲ್ಲಿಂದ ಕೂಗಾಟ, ಚೌಕಾಸಿ. ಒಪ್ಪಿದರೆ ದುಡ್ಡು ಅದೇ ಚೀಲದಲ್ಲಿ ಕೆಳಗೆ ಬರುತ್ತದೆ, ಒಪ್ಪದಿದ್ದರೆ ಬಟ್ಟೆ ಬರುತ್ತದೆ. ಪ್ರವಾಸಿಗಳಿಗೆ ಎಸೆಯಲು ಬರುವುದಿಲ್ಲ. ಅರ್ಧ ಚೀಲಗಳು ನೀರಿಗೇ ಬೀಳುತ್ತವೆ. ಅವನ್ನು ಹಾರಿ ಹಿಡಿಯುವುದು ಹಗ್ಗಾಗನ ಕೆಲಸ. ಎಸೆಯುವುದು ಮಾತ್ರ ಬಿಶಾರಿಯದು.

ಹುಡುಗನಾಗಿದ್ದಾಗ ಅಪ್ಪನ ಜೋಳದ ಹೊಲದಲ್ಲಿ ಗುಬ್ಬಿ ಓಡಿಸಲು ಮಣ್ಣಿನ ಉಂಡೆ ಎಸೆದು ಪಳಗಿದ ಕೈ ಅದು. ಎಸೆಯುವಾಗ ಅವನು ಕೈಯಲ್ಲಿರುವ ಚೀಲವನ್ನು ನೋಡುತ್ತಿರಲಿಲ್ಲ. ಮೇಲಿನವರ ಕೈಯನ್ನು ನೋಡುತ್ತಿದ್ದ. ಹಿಡಿಯುವ ಕೈ ಎಲ್ಲಿದೆ ಎಂದು ಕಣ್ಣು ಕಂಡುಕೊಂಡರೆ ಸಾಕು, ಮಿಕ್ಕದ್ದನ್ನು ಭುಜ ನೋಡಿಕೊಳ್ಳುತ್ತಿತ್ತು. ಹಡಗುಗಳು ಬಾರದೆ ಹೋದ ಕೆಟ್ಟ ವರ್ಷಗಳಲ್ಲಿ ಅವನು ಇಟ್ಟಿಗೆ ಹೊತ್ತ, ಕಬ್ಬು ಕಡಿದ. ಆಗಲೂ ಇಟ್ಟಿಗೆಗಳನ್ನು ಮೇಲಿನ ಅಟ್ಟಣೆಗೆ ಎಸೆಯುತ್ತಿದ್ದನೇ ಹೊರತು ಏಣಿ ಹತ್ತಿ ಕೊಡುತ್ತಿರಲಿಲ್ಲ. ಹಡಗುಗಳು ಮತ್ತೆ ಬರತೊಡಗಿದ ದಿನ ಊರಿಗೆಲ್ಲ ಚಹಾ ಕುಡಿಸಿದ್ದ.

ಗಿರಾಕಿಗಳ ಬಗ್ಗೆ ಅವನದೇ ಒಂದು ಸಿದ್ಧಾಂತವಿತ್ತು. ಲುಕ್ಸೋರಿನಿಂದ ಬರುವವರು ಅಲ್ಲಿನ ಬೆಟ್ಟದೊಳಗಿನ ರಾಜರ ಗೋರಿಗಳನ್ನು ನೋಡಿಕೊಂಡೇ ಬಂದಿರುತ್ತಾರೆ. "ಅಷ್ಟೊಂದ್ ಸತ್ತೋರ್ನ ನೋಡ್ಕೊಂಡ್ ಬಂದ್ಮೇಲೆ ಯಾರಿಗಾದ್ರೂ ಹೊಸ ಬಟ್ಟೆ ಹಾಕ್ಕೋಬೇಕು ಅನ್ಸುತ್ತೆ. ದೇವ್ರು ಗೋರಿಗಳ್ನ ಮೊದ್ಲು ಇಟ್ಟ, ನಮ್ಮೂರ್ನ ಆಮೇಲಿಟ್ಟ. ಲೆಕ್ಕಾಚಾರ ಸರಿಯಾಗೈತೆ" ಎನ್ನುತ್ತಿದ್ದ.

ಆ ವಸಂತದಲ್ಲಿ ಬಿಶಾರಿಯ ಒಬ್ಬಳೇ ಮಗಳು ವರ್ದಾಳ ಮದುವೆ ಗೊತ್ತಾಗಿತ್ತು. ಚಳಿಗಾಲವೆಲ್ಲ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕರಿಯ ಬಲೆಬಟ್ಟೆಯ ಮೇಲೆ ಬೆಳ್ಳಿಯ ತಗಡಿನೆಳೆಯಲ್ಲಿ ಕಸೂತಿ ಹಾಕಿದ್ದಳು. ಮೆಹಂದಿಯ ಸಂಜೆ ಹಾಕಿಕೊಳ್ಳುವ ಅಂಗಿ ಅದು. ಹುಡುಗಿ ತನ್ನ ತೌರಿನಲ್ಲಿ ಕಂಡದ್ದನ್ನೆಲ್ಲ ಅದರ ಮೇಲೆ ತಾನೇ ಬರೆಯಬೇಕು, ಆ ಸಂಜೆಯವರೆಗೆ ಮನೆಯ ಗಂಡಸರು ಅದನ್ನು ನೋಡಬಾರದು. ಅವಳ ತಾಯಿ ಸಬಾಹ ಅಂತಹ ವಿಷಯಗಳಲ್ಲಿ ಬಹಳ ಕಟ್ಟುನಿಟ್ಟು. ಕಸೂತಿ ಮುಗಿದ ಮೇಲೆ ಬಟ್ಟೆಯನ್ನು ಕತ್ತರಿಸಿ ಅಂಗಿಯಾಗಿ ಹೊಲಿಯಲು ದರ್ಜಿ ಶೆನೂದಾನಿಗೆ ಕೊಟ್ಟಿದ್ದರು. ಬಿಶಾರಿ ಮಾರುವ ನಿಲುವಂಗಿಗಳನ್ನು ಹೊಲಿಯುತ್ತಿದ್ದವನೂ ಅವನೇ.

ಮೆಹಂದಿಯ ಹಿಂದಿನ ದಿನ ಬೆಳಗ್ಗೆ ಬಿಶಾರಿ ಅಂಗಡಿಗೆ ಹೋಗಿ ಅಂದಿನ ಸರಕನ್ನೂ ಅಂಗಿಯನ್ನೂ ತೆಗೆದುಕೊಂಡ. ಶೆನೂದಾ ಅಂಗಿಯ ಚೀಲದ ಬಾಯಿಗೆ ಗಂಟು ಹಾಕಿ, "ಬಿಚ್ಬ್ಯಾಡಪ್ಪ, ನಿನ್ ಹೆಂಡ್ತಿ ನಂಗೆ ಶಾಪ ಹಾಕ್ತಾಳೆ" ಎಂದ. ಎಲ್ಲ ಚೀಲಗಳೂ ಒಂದೇ ನೀಲಿ ಪ್ಲಾಸ್ಟಿಕ್ಕಿನವು. ಬಿಶಾರಿ ಅಂಗಿಯ ಚೀಲವನ್ನು ದೋಣಿಯ ಹಿಂಬದಿಯ ಹಲಗೆಯ ಕೆಳಗೆ ತುರುಕಿದ. ಹೊಳೆಗೆ ಇಳಿದ ಮೇಲೆ ಹಡಗೊಂದರ ಅಲೆ ಬಂದು ಹಲಗೆಯ ಕೆಳಗೆ ನೀರು ನಿಂತಿತು. ಹಗ್ಗಾಗ್ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿದ್ದ ಚೀಲಗಳನ್ನೆಲ್ಲ ಎತ್ತಿ ಮೇಲಿನ ಸರಕಿನ ಜೊತೆ ಇಟ್ಟ. ತಪ್ಪು ನಡೆದದ್ದು ಅಲ್ಲಿ.

'ಜವಾಹರ' ಎಂಬ ಹಡಗಿನ ಮೇಲೆ ಕೆಂಪು ಟೋಪಿಯ ಎತ್ತರದ ಮುದುಕಿಯೊಬ್ಬಳು ಕಟಕಟೆ ಹಿಡಿದು ನಿಂತಿದ್ದಳು. ಹಿಡಿಯಲು ತಾನಾಗಿಯೇ ಎರಡು ಕೈ ಚಾಚಿದಳು. ಅಂಥ ಗಿರಾಕಿ ಸಿಗುವುದು ಅಪರೂಪ. ಬಿಶಾರಿ ಹಿಂದಕ್ಕೆ ಕೈ ಚಾಚಿ, ಸಿಕ್ಕ ಚೀಲ ತೆಗೆದು ಎಸೆದ. ಚೀಲ ಅವಳ ಅಂಗೈಗೆ ಹಕ್ಕಿಯಂತೆ ಹೋಗಿ ಕೂತಿತು. ಅವಳು ಒಳಗೆ ಸರಿದು ಬಿಚ್ಚಿ ನೋಡಿದಳು, ಮತ್ತೆ ಕಟಕಟೆಗೆ ಬಂದು, ಬಿಶಾರಿ ಹೇಳಿದ ಮೊದಲ ಬೆಲೆಗೇ ಒಪ್ಪಿ, ಚೀಲವನ್ನೂ ಇಟ್ಟುಕೊಂಡು, ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿ ಎಸೆದಳು. ಅವನಿಗೆ ಅನುಮಾನ ಬರಬೇಕಾಗಿದ್ದದ್ದು ಆಗ. ಬರಲಿಲ್ಲ. ನೀರ್ಬಾಗಿಲು ತೆರೆದು ಜವಾಹರ ಅಣೆಕಟ್ಟು ದಾಟಿ ದಕ್ಷಿಣಕ್ಕೆ ಹೊರಟುಹೋಯಿತು.

ದಡಕ್ಕೆ ಬಂದು ಉಳಿದ ಚೀಲಗಳನ್ನು ಕಟ್ಟುವಾಗ ಹಗ್ಗಾಗ್ ಅಂಗಿಯದೆಂದುಕೊಂಡ ಒಂದನ್ನು ಬೆಳಕಿಗೆ ಹಿಡಿದು ನೋಡಿದ.

"ಭಾವ, ವರ್ದಾ ಅಂಗಿ ಮೇಲೆ ಒಂಟೆ ಹಾಕವ್ಳಾ?"

"ನೋಡ್ಬ್ಯಾಡ ಕಣೋ. ಹಾಕಿರ್ಬೋದು, ನಿಮ್ಮಮ್ಮನ ತೌರಲ್ಲಿ ಒಂಟೆ ಇತ್ತಲ್ಲ."

"ಒಂಟೆ ಕೆಳಗೆ ಇಂಗ್ಲಿಷಲ್ಲಿ 'ಈಜಿಪ್ಟ್' ಅಂತ ಬರ್ದೈತೆ."

ಬಿಶಾರಿ ಚೀಲವನ್ನು ಕಿತ್ತುಕೊಂಡ. ಆಮೇಲೆ ಎಲ್ಲ ಚೀಲಗಳನ್ನೂ ಮರಳಿನ ಮೇಲೆ ಸುರಿದ. ಹಳದಿ ಪಟ್ಟೆ, ಹಸಿರು ಪಟ್ಟೆ, ಒಂಟೆ, ಪಿರಮಿಡ್ಡು. ಕರಿಯ ಬಲೆಬಟ್ಟೆ ಎಲ್ಲೂ ಇರಲಿಲ್ಲ. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಾಗಿಲ ಸಂದಿಯಿಂದ ಬರುತ್ತಿದ್ದ ದೀಪದ ಬೆಳಕು, ಸೂಜಿ ಚುಚ್ಚಿದಾಗ ವರ್ದಾ 'ಸ್' ಎನ್ನುತ್ತಿದ್ದದ್ದು, ಬೆಳಗ್ಗೆ ರೊಟ್ಟಿ ಮುರಿಯುವಾಗ ಅವಳ ಬೆರಳ ತುದಿಯ ಗಾಯಗಳು ಎಲ್ಲ ನೆನಪಾದವು. ನಾಳೆ ಸಂಜೆ ಅವಳು ಏನು ಹಾಕಿಕೊಂಡು ಹೊರಗೆ ಬರಬೇಕು?

"ಯಾರಿಗ್ ಎಸ್ದೆ, ನೆನಪೈತಾ?" ಎಂದ ಹಗ್ಗಾಗ್.

"ಕೆಂಪು ಟೋಪಿ. ಒಂದೇ ಮಾತಿಗೆ ಒಪ್ಕೊಂಡ್ಳು."

"ನಿನ್ ಒಂಟೆಗೆ ಒಂದೇ ಮಾತಿಗೆ ಒಪ್ಪೋರು ಭೂಮಿ ಮೇಲೆ ಹುಟ್ಟಿಲ್ಲ ಭಾವ. ಎದ್ದೇಳು. ಹಡಗು ಎದ್ಫುಗೆ ಹೋಗ್ತೈತೆ, ದೇವಸ್ಥಾನ ನೋಡೋಕೆ ನಿಲ್ತೈತೆ. ನಮ್ ಬೈಕು ಅದಕ್ಕಿಂತ ಜೋರು."

ಬೈಕು ಅಷ್ಟೇನೂ ಜೋರಾಗಿರಲಿಲ್ಲ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಹಾಕಿಕೊಂಡು, ಒಂದು ಕಡೆ ಕತ್ತೆಯೊಂದಕ್ಕೆ ದಾರಿ ಬಿಟ್ಟು, ಅಂತೂ ಎದ್ಫು ತಲುಪಿದಾಗ ಹಡಗುಗಳು ಆಗಲೇ ದಡಕ್ಕೆ ಬಂದಿದ್ದವು. ಒಂದರ ಪಕ್ಕ ಒಂದು ಅಂಟಿಕೊಂಡು ನಿಂತಿದ್ದವು. ಜವಾಹರ ಎಲ್ಲಕ್ಕಿಂತ ಆಚೆ, ಹೊಳೆಯ ಕಡೆ. ಅದಕ್ಕೆ ಹೋಗಬೇಕಾದರೆ ಬೇರೆ ಹಡಗುಗಳ ರತ್ನಗಂಬಳಿಯ ಮೇಲೆ ನಡೆದು ದಾಟಬೇಕು. ಮೊದಲ ಹಡಗಿನ ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಬಿಶಾರಿಯ ಒದ್ದೆ ಅಂಗಿಯನ್ನೂ ಬರಿಗಾಲನ್ನೂ ನೋಡಿದ.

"ಎಲ್ಲಿಗಪ್ಪ ಸವಾರಿ?"

"ಮಗಳ ಮದ್ವೆ ಅಂಗಿ ಜವಾಹರದ ಮೇಲೈತೆ."

"ನಮ್ಮಮ್ಮನ ಒಲೆ ಈ ಹಡಗಲ್ಲೈತೆ. ಹೋಗ್ಹೋಗು, ಮೀನು ಹಿಡಿ."

ಬಿಶಾರಿ ಮೆಟ್ಟಿಲಿಳಿದು ನಿಂತ. ಹೊಳೆಯ ಕಡೆ ನೋಡಿದ. ಅವನ ಮುಖ ತಿಳಿಯಾಯಿತು. "ಹಗ್ಗಾಗ್, ನಾವ್ ಯಾವತ್ತಾದ್ರೂ ಹಡಗಿಗೆ ಬಾಗ್ಲಿಂದ ಹೋಗಿದ್ದೀವೇನೋ?"

ಒಬ್ಬ ಬೆಸ್ತನ ಹತ್ತಿರ ದೋಣಿ ಕೇಳಿ ತೆಗೆದುಕೊಂಡರು. ಹಡಗುಗಳನ್ನು ಬಳಸಿ ಆಚೆ ಬದಿಗೆ ಬಂದಾಗ ಇಳಿಹೊತ್ತಿನ ಬಿಸಿಲು ಜವಾಹರದ ಮೇಲೆ ಪೂರ್ತಿ ಬಿದ್ದಿತ್ತು. ಹೆಚ್ಚಿನವರು ಕುದುರೆಗಾಡಿ ಹತ್ತಿ ದೇವಸ್ಥಾನಕ್ಕೆ ಹೋಗಿದ್ದರು. ಕಾಲು ನೋಯುವ ನಾಲ್ಕಾರು ಮುದುಕರು ಮೇಲೆ ಚಹಾ ಕುಡಿಯುತ್ತಿದ್ದರು. ಅವರ ನಡುವೆ ಕೆಂಪು ಟೋಪಿ ಇತ್ತು. ಬಿಶಾರಿ ದೋಣಿಯಲ್ಲಿ ಎದ್ದು ನಿಂತು ಜೀವನವಿಡೀ ಕೂಗಿದ ಕೂಗನ್ನೇ ಕೂಗಿದ.

"ಹಲೋ ಮೇಡಂ, ಹಲೋ!"

ಅವಳು ಕಟಕಟೆಗೆ ಬಂದಳು. ಮೈಮೇಲೆ ವರ್ದಾಳ ಅಂಗಿ. ತನ್ನ ಬಿಳಿಯ ಉಡುಪಿನ ಮೇಲೆಯೇ ಅದನ್ನು ಹಾಕಿಕೊಂಡು, ತೋಳು ಅಗಲಿಸಿ, ಹೇಗಿದೆ ನೋಡು ಎಂಬಂತೆ ಒಂದು ಸುತ್ತು ತಿರುಗಿದಳು. ಬಿಸಿಲಿಗೆ ಬೆಳ್ಳಿ ಮಿನುಗಿತು. ಆಗ ಬಿಶಾರಿ ನೋಡಬಾರದ್ದನ್ನು ನೋಡಿದ. ಖರ್ಜೂರದ ಮರ, ನೀರಿನ ಕೊಡ, ಅವರ ಮನೆಯ ಮೇಲಿನ ಪಾರಿವಾಳದ ಗೂಡು. ಎದೆಯ ನಡುವೆ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಕೈ ಮೇಲೆತ್ತಿ ನಿಂತ ಒಬ್ಬ ಮನುಷ್ಯ, ಅವನ ಕೈಯಿಂದ ಹಾರುತ್ತಿರುವ ಒಂದು ಚುಕ್ಕೆ.

"ಭಾವ, ಅದು ನೀನು" ಎಂದ ಹಗ್ಗಾಗ್ ಮೆಲ್ಲಗೆ.

ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದ ಕಪ್ಪು ಮೈಯ ಮಾಣಿಯೊಬ್ಬ ಕಟಕಟೆಗೆ ಬಂದು ಬಗ್ಗಿದ. ಅವನ ಹೆಸರು ಶಾಜ್ಲಿ, ಅಸ್ವಾನ್ ಕಡೆಯ ನೂಬಿಯದವನು.

"ಏನಣ್ಣ, ಇಸ್ನಾದೋರು ಇಲ್ಲಿವರ್ಗೂ ಬಂದ್ಬಿಟ್ರಾ? ನಾಳೆ ಅಸ್ವಾನ್‌ಗೂ ಬರ್ತೀರಾ ಹೆಂಗೆ?"

"ತಮ್ಮಾ, ಆಯಮ್ಮಂಗೆ ಹೇಳು. ಅದು ಮಾರೋ ಬಟ್ಟೆ ಅಲ್ಲ, ನನ್ ಮಗಳ ಮೆಹಂದಿ ಅಂಗಿ. ನನ್ ಕೈ ತಪ್ಪಿ ಬಂದ್ಬಿಟ್ಟೈತೆ. ಅವ್ರ ದುಡ್ಡು ಹಂಗೇ ಐತೆ. ಅದ್ರ ಜತೆ ನನ್ ಹತ್ರ ಇರೋ ಚೆನ್ನಾಗಿರೋ ನಿಲುವಂಗೀನೂ ಕೊಡ್ತೀನಿ."

"ಮೂವತ್ತು ಮಾರು ದೂರಕ್ಕೆ ಗುರಿ ತಪ್ಪಲ್ಲ, ಮೊಳದ ದೂರದ ಚೀಲ ತಪ್ಪಿತಾ?" ಎಂದು ನಕ್ಕು ಶಾಜ್ಲಿ ಮುದುಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದ. ಅವಳ ಮುಖದ ನಗು ನಿಂತಿತು. ಬಗ್ಗಿ ತನ್ನ ಎದೆಯ ಮೇಲಿನ ದೋಣಿಯನ್ನು ನೋಡಿಕೊಂಡಳು, ಕೆಳಗಿನ ದೋಣಿಯನ್ನು ನೋಡಿದಳು. ಬೆಳ್ಳಿಯ ಮನುಷ್ಯನನ್ನೂ ಬಿಶಾರಿಯನ್ನೂ ತಾಳೆ ಹಾಕಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಗಟ್ಟಿಯಾಗಿ ನಗುತ್ತ ಅಂಗಿ ಕಳಚಿ, ಮಡಿಚಿ, ಶಾಜ್ಲಿಗೆ ಏನೋ ತರಲು ಹೇಳಿ, ಎಲ್ಲವನ್ನೂ ನೀಲಿ ಚೀಲಕ್ಕೆ ತುಂಬಿ ಗಂಟು ಹಾಕಿದಳು.

"ಅಣ್ಣ, ಮೊದ್ಲು ನೀನು ಎಸೀಬೇಕಂತೆ. ಹಿಡಿಯೋದಂದ್ರೆ ಅವ್ರಿಗೆ ಬಲು ಇಷ್ಟ ಅಂತೆ."

ಬಿಶಾರಿ ದುಡ್ಡನ್ನು ಬೈಕಿನ ಮೇಲೆ ತಂದಿದ್ದ ಹಸಿರು ಪಟ್ಟೆಯ ನಿಲುವಂಗಿಯಲ್ಲಿ ಸುತ್ತಿ ಎಸೆದ. ಮುದುಕಿ ಹಿಡಿದಳು. ಮುದುಕರು ಚಪ್ಪಾಳೆ ತಟ್ಟಿದರು.

"ಈಗ ಅದನ್ನ ನೀನೇ ತಗೊಂಡ್ ಕೆಳಗ್ ಬಾ ತಮ್ಮ. ಅವ್ರು ಎಸೀಬಾರ್ದು. ಅವ್ರಿಗೆ ಎಸೆಯೋಕ್—"

ಅವಳು ಆಗಲೇ ಎಸೆದಿದ್ದಳು.

ಹೊಳೆಯ ಸೆಳವಿಗೆ ದೋಣಿ ಜಾರುತ್ತಿತ್ತು, ಹಗ್ಗಾಗನ ಎರಡೂ ಕೈ ಹುಟ್ಟಿನ ಮೇಲಿದ್ದವು. ಚೀಲ ಎಲ್ಲ ಪ್ರವಾಸಿಗಳ ಚೀಲದಂತೆಯೇ ಅಡ್ಡಾದಿಡ್ಡಿ ಬಂತು, ಗಾಳಿಗೆ ಉಬ್ಬಿ ದೂರ ವಾಲಿತು. ಹಿಡಿಯುವುದು ಎಂದೂ ತನ್ನ ಕೆಲಸವೆಂದುಕೊಂಡಿರದ ಬಿಶಾರಿ ದೋಣಿಯ ಅಂಚಿನ ಮೇಲೆ ಕಾಲಿಟ್ಟು ಹೊಳೆಯ ಮೇಲೆ ಪೂರ್ತಿ ಚಾಚಿಕೊಂಡ. ಚೀಲ ಕೈಗೆ ಬಂತು. ಅವನು ನೀರಿಗೆ ಬಿದ್ದ. ಮುಳುಗಿದ ಮನುಷ್ಯನ ಮೇಲೆ ಒಂದು ತೋಳು ಮಾತ್ರ ನೆಟ್ಟಗೆ ಎದ್ದು ನಿಂತಿತ್ತು, ಅದರ ತುದಿಯಲ್ಲಿ ನೀಲಿ ಚೀಲ ಒಂದು ಹನಿಯೂ ತಾಕದೆ ಇತ್ತು. ಜವಾಹರದ ಮೇಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಪಕ್ಕದ ಹಡಗಿನ ಅಡುಗೆಯವರು ಸೌಟು ಬಡಿದರು.

ಸಂಜೆ ಮನೆಗೆ ಬಂದಾಗ ಸಬಾಹ ಬಿಸಿಲಿಗಿಟ್ಟು ಉಬ್ಬಿಸಿದ ರೊಟ್ಟಿಯ ಹಿಟ್ಟನ್ನು ಒಲೆಗೆ ಹಾಕುತ್ತಿದ್ದಳು.

"ಇಷ್ಟೊತ್ತಾ? ಬಟ್ಟೆ ಯಾಕೆ ಒದ್ದೆ?"

"ಹೊಳೆಗ್ ಬಿದ್ದೆ."

"ಈ ವಯಸ್ಸಲ್ಲಿ. ಚೀಲ ಬಿಚ್ಚಿಲ್ಲ ತಾನೆ?"

"ಗಂಟು ಮುಟ್ಟಿಲ್ಲ" ಎಂದ ಬಿಶಾರಿ. ಅದು ನಿಜವೇ ಆಗಿತ್ತು.

ಒಳಗೆ ವರ್ದಾ ಚೀಲ ಬಿಚ್ಚಿದಾಗ ಅಂಗಿಯ ಜೊತೆಗೆ ಬಂಗಾರದ ಕಾಗದ ಸುತ್ತಿದ ಮಿಠಾಯಿಗಳು ಉದುರಿದವು. ದರ್ಜಿ ಶೆನೂದಾ ಮದುಮಗಳಿಗೆ ಕಳಿಸಿರಬೇಕೆಂದು ಅವಳು ಖುಷಿಪಟ್ಟಳು. ಬಿಶಾರಿಯ ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಮಾತ್ರ ಉಳಿದಿತ್ತು. ದೋಣಿಯಲ್ಲಿ ನಿಂತಿದ್ದ ಆ ಬೆಳ್ಳಿಯ ಮನುಷ್ಯ ಎಡಗೈಯಲ್ಲಿ ಎಸೆಯುತ್ತಿದ್ದ. ಹೆತ್ತ ಮಗಳು, ಇಷ್ಟು ವರ್ಷ ದಡದಲ್ಲಿ ಕೂತು ನೋಡಿದವಳು, ಅಪ್ಪನ ಕೈ ಯಾವುದೆಂದು ಗಮನಿಸಲಿಲ್ಲವೇ?

ಮರುದಿನ ಸಂಜೆ ಅಂಗಳದಲ್ಲಿ ಡೋಲು ಶುರುವಾಯಿತು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕುವ ನಡುವೆ ವರ್ದಾ ಹೊರಗೆ ಬಂದು ಮೊದಲು ಅಪ್ಪನ ಮುಂದೆ ನಿಂತಳು. ಬಿಶಾರಿ ಮಗಳ ಮುಖ ನೋಡಿದ, ಎದೆಯ ಮೇಲಿನ ದೋಣಿ ನೋಡಿದ. ದೋಣಿಯಲ್ಲಿದ್ದವನು ಬಲಗೈ ಎತ್ತಿದ್ದ.

"ಸದ್ಯ. ಬಲಗೈ" ಎಂದುಬಿಟ್ಟ.

ವರ್ದಾ ಹುಬ್ಬು ಗಂಟಿಕ್ಕಿದಳು. "ಮತ್ತೆ? ಎಡಗೈ ಅಂತ ಯಾಕ್ ಅಂದ್ಕೊಂಡಿದ್ದೆ?" ಬಗ್ಗಿ ತನ್ನ ಅಂಗಿಯನ್ನು ನೋಡಿಕೊಂಡಳು. ಬಲೆಬಟ್ಟೆಯ ಕಸೂತಿ ಎರಡು ಕಡೆಯಿಂದಲೂ ಕಾಣುತ್ತದೆ. ಒಳಮಗ್ಗುಲು ಹೊರಗಾದರೆ ಎಡ ಬಲ ಅದಲುಬದಲು. "ಅಪ್ಪ, ಇದನ್ನ ತಿರುವುಮುರುವಾಗಿ ಯಾರು ಹಾಕ್ಕೊಂಡಿದ್ರು?"

ಹಗ್ಗಾಗ್ ಗೋಡೆಗೆ ಒರಗಿ ನಗತೊಡಗಿದ. ಸಬಾಹ ಡೋಲು ನಿಲ್ಲಿಸಿದಳು. ಬಿಶಾರಿ ಮೊದಲಿನಿಂದ ಎಲ್ಲ ಹೇಳಬೇಕಾಯಿತು. ಕತೆಯಲ್ಲಿ ಒಂಟೆ ಬಂದ ಜಾಗದಲ್ಲಿ ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಕೆಂಪು ಟೋಪಿಯ ಮುದುಕಿ ಎಸೆದ ಜಾಗದಲ್ಲಿ ಯಾರೂ ಉಸಿರು ಬಿಡಲಿಲ್ಲ. ಮುಗಿಯುವ ಹೊತ್ತಿಗೆ ಸಬಾಹ ಬೈಯಲು ಬಾಯಿ ತೆರೆದು, ಬೈಗುಳ ಸಿಗದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ವರ್ದಾ ಮಿಠಾಯಿ ಬಟ್ಟಲಿನಿಂದ ಬಂಗಾರದ ಕಾಗದದ ಉಂಡೆಯೊಂದನ್ನು ತೆಗೆದುಕೊಂಡು ಹಿಂದಕ್ಕೆ ಸರಿದಳು.

"ಅಷ್ಟೊಂದ್ ಚೆನ್ನಾಗಿ ಹಿಡೀತೀಯಾ? ಎಲ್ಲಿ, ಇದನ್ನ ಹಿಡಿ ನೋಡೋಣ."

ಅವಳಿಗೂ ಅದೇ ಭುಜ. ಉಂಡೆ ಡೋಲಿನವರ ತಲೆಯ ಮೇಲಿಂದ ನೆಟ್ಟಗೆ ಹಾರಿ ಬಂತು. ಬಿಶಾರಿಯ ಬಲಗೈಯಲ್ಲಿ ಚಹಾದ ಲೋಟವಿತ್ತು. ಅವನು ಎಡಗೈ ಎತ್ತಿ ಹಿಡಿದ.