ಹಗ್ಗದಣ್ಣ ಮತ್ತು ಷಡ್ಡಕನ ಟ್ರಿಮ್ ಟ್ಯಾಬ್

ಸರೋವರದ ದಂಡೆಯಲ್ಲಿ ಇಪ್ಪತ್ತೆರಡು ವರ್ಷ ಮೋಟಾರು ದೋಣಿ ಓಡಿಸಿದವನನ್ನು ಎಲ್ಲರೂ ಹಗ್ಗದಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಾಲಿಗೆ ಹಲಗೆ ತೊಟ್ಟು ನೀರಿನ ಮೇಲೆ ಜಾರುವ ವಾಟರ್ ಸ್ಕೀ ಆಡಲು ಬಂದವರನ್ನು ದೋಣಿಯ ಹಿಂದೆ ಹಗ್ಗ ಕಟ್ಟಿ ಎಳೆಯುವುದು ಅವನ ಕೆಲಸ.

ದೋಣಿ ಚಿಕ್ಕದು. ನೀರಿನಲ್ಲಿ ಕುಕ್ಕರಗಾಲಲ್ಲಿ ಕಾಯುತ್ತಿದ್ದವರ ಭಾರ ಹಗ್ಗವನ್ನು ಜಗ್ಗಿದ ಕೂಡಲೇ ಅದರ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಎದುರಿಗೆ ಏನಿದೆ ಎಂಬುದೇ ಕಾಣದು. ಅದಕ್ಕೇ ಹಗ್ಗದಣ್ಣ ಒಂದು ಮೊಣಕಾಲನ್ನು ಸೀಟಿಗೆ ಊರಿ, ಎದ್ದು ನಿಂತು ಓಡಿಸುತ್ತಿದ್ದ. ಮೂತಿಯೊಳಗೆ ಎರಡು ಮರಳಿನ ಚೀಲ ತುರುಕಿರುತ್ತಿದ್ದ. ದಂಡೆಯ ಮೇಲಿನವರು ದೂರದಿಂದಲೇ ಆ ನಿಲುವನ್ನು ಗುರುತು ಹಿಡಿದು, "ಅಗೋ, ಹಗ್ಗದಣ್ಣ ಹೊರಟ" ಎನ್ನುತ್ತಿದ್ದರು. ಅದನ್ನು ಕೇಳುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು.

ಅಷ್ಟರಲ್ಲಿ ಷಡ್ಡಕ ಬಂದ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದವನು. ನಲವತ್ತರ ಮೇಲೆ ಅದೇನು ಮನಸ್ಸು ಬಂತೋ, ಒಂದು ಹಳೇ ದೋಣಿ ಕೊಂಡು, ಲೈಸೆನ್ಸ್ ಮಾಡಿಸಿಕೊಂಡು, ಹಗ್ಗದಣ್ಣನ ಪಕ್ಕದ ಕಟ್ಟೆಯಲ್ಲೇ ತಂದು ಕಟ್ಟಿದ. ಹಗ್ಗದಣ್ಣ ಮೊದಮೊದಲು ದೊಡ್ಡ ಮನಸ್ಸಿನಿಂದಲೇ ಇದ್ದ. ಹಗ್ಗಕ್ಕೆ ಗಂಟು ಹಾಕುವುದನ್ನು ತಾನೇ ಕಲಿಸಿಕೊಟ್ಟ. ಇವನು ಎಷ್ಟು ದಿನ ಇದ್ದಾನು ಎಂಬ ಧೈರ್ಯ.

ಆದರೆ ವೆಲ್ಡರ್ ಒಂದು ತಿಂಗಳಲ್ಲಿ ತನ್ನ ದೋಣಿಯ ಹಿಂಭಾಗದ ಕೆಳಅಂಚಿಗೆ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ತಗಡು ಕೂರಿಸಿದ. ಊಟದ ತಟ್ಟೆಯಷ್ಟೇ ಅಗಲ. ಹೆಸರು ಟ್ರಿಮ್ ಟ್ಯಾಬ್. ಸ್ಟೀರಿಂಗಿನ ಪಕ್ಕ ಎರಡು ಸ್ವಿಚ್ಚು. ಒತ್ತಿದರೆ ತಗಡು ಕೆಳಗೆ ಬಾಗುತ್ತದೆ, ಓಡುವ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ, ದೋಣಿಯ ಹಿಂಭಾಗ ಎದ್ದು ಮೂತಿ ತಣ್ಣಗೆ ಕೆಳಗಿಳಿಯುತ್ತದೆ. ಮರಳಿನ ಚೀಲ ಬೇಡ, ಎದ್ದು ನಿಲ್ಲುವುದೂ ಬೇಡ. ವೆಲ್ಡರ್ ಕುರ್ಚಿಯಲ್ಲಿ ಕೂತು ಪೇಪರ್ ಓದುವವನ ಹಾಗೆ ಕೂತು ಓಡಿಸಿದ.

ಹಗ್ಗದಣ್ಣನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಹಲ್ಲಿನ ಡಾಕ್ಟರಿಂದ. ನೂರಹತ್ತು ಕಿಲೋ ತೂಗುವ ಆ ಮಹಾನುಭಾವರು ಎಂಟು ವರ್ಷದಿಂದ ಹಗ್ಗದಣ್ಣನ ಗಿರಾಕಿ. ಪ್ರತಿ ಭಾನುವಾರ ಅರ್ಧ ಸರೋವರ ಕುಡಿದು, ಮೂರನೆಯದೋ ನಾಲ್ಕನೆಯದೋ ಪ್ರಯತ್ನಕ್ಕೆ ಎದ್ದು ನಿಲ್ಲುತ್ತಿದ್ದರು. ವೆಲ್ಡರನ ದೋಣಿಯ ಹಿಂದೆ ಮೊದಲ ಎಳೆತಕ್ಕೇ ಎದ್ದರು. ಎದ್ದವರು ಒಂದು ಕೈ ಬಿಟ್ಟು ದಂಡೆಯ ಕಡೆ ಬೀಸಿದರು. ಹಗ್ಗದಣ್ಣನೂ ತಿರುಗಿ ಕೈ ಬೀಸಿದ, ಬೀಸದೆ ವಿಧಿಯಿರಲಿಲ್ಲ.

ಆಮೇಲೆ ಅವನಿಗೆ ಬೇರೆ ಯೋಚನೆಯೇ ಇಲ್ಲ. ಒಂದು ಮಧ್ಯಾಹ್ನ, ವೆಲ್ಡರನ ದೋಣಿ ಟ್ರೇಲರಿನ ಮೇಲಿದ್ದಾಗ ಅದರ ಕೆಳಗೆ ನುಸುಳಿ ತಗಡನ್ನು ಗೇಣಿನಲ್ಲಿ ಅಳೆಯುತ್ತಿದ್ದ. ಯಾರದೋ ಚಪ್ಪಲಿ ಎದುರಿಗೆ ಬಂದು ನಿಂತಿತು. ನಾದಿನಿ.

"ಏನು ಭಾವ, ಕೆಳಗೇನು ಮಾಡ್ತಿದ್ದೀರಿ?"

"ಪಾಚಿ ಹಿಡಿದಿದೆಯಾ ಅಂತ ನೋಡ್ತಿದ್ದೆ."

"ನಿನ್ನೆ ತಾನೇ ಉಜ್ಜಿದ್ದೀನಿ."

"ಅದೇ, ಚೆನ್ನಾಗಿ ಉಜ್ಜಿದ್ದೀಯ" ಎಂದು ಹೊರಬಂದ. ಬೆನ್ನಿಗೆಲ್ಲ ಗ್ರೀಸು. ಮನೆಗೆ ಹೋಗುವಷ್ಟರಲ್ಲಿ ತಂಗಿಯ ಫೋನು ಅಕ್ಕನಿಗೆ ಮುಟ್ಟಿತ್ತು. ಹೆಂಡತಿ ಅಂಗಿಯನ್ನು ನೆನೆಹಾಕುತ್ತಾ, "ಕೇಳಿದ್ರೆ ಅವನೇ ತೋರಿಸ್ತಿದ್ನಲ್ಲ" ಎಂದಳು. ಆ ಮಾತು ಅವನನ್ನು ಇನ್ನಷ್ಟು ಸುಟ್ಟಿತು.

ಹಗ್ಗದಣ್ಣನಿಗೆ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ. ಏಳನೆಯ ವಯಸ್ಸಿಗೇ ಅವಳನ್ನು ಸ್ಕೀ ಮೇಲೆ ನಿಲ್ಲಿಸಿದವನು ಅವನು. ಸರೋವರದ ಸ್ಕೀ ಕ್ಲಬ್ಬಿನ ಸ್ಪರ್ಧೆ ಹತ್ತಿರ ಬಂದಿತ್ತು. ಊಟಕ್ಕೆ ಕೂತಾಗ ಅವಳು ತಟ್ಟೆ ನೋಡುತ್ತಲೇ ಕೇಳಿದಳು: "ಅಪ್ಪಾ, ಈ ವಾರ ಚಿಕ್ಕಪ್ಪನ ದೋಣಿ ಹಿಂದೆ ಅಭ್ಯಾಸ ಮಾಡ್ಲಾ? ಅದರ ಹಿಂದೆ ಏಳೋ ಅಲೆ ತುಂಬಾ ಸಣ್ಣದಾಗುತ್ತೆ. ದಾಟೋಕೆ ಸುಲಭ."

"ಮಾಡು. ನಾನೇನು ಕಾಲು ಕಟ್ಟಿಹಾಕಿದ್ದೀನಾ?"

ಅವನು ಕೈ ತೊಳೆದು ಎದ್ದ. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯಿತು.

ಮರುದಿನ ಕ್ಷೌರದಂಗಡಿಯಲ್ಲಿ, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕೂತು, ಅವನು ಬಾಯಿ ಬಿಟ್ಟ. "ನಾನೇನೂ ಹೇಳಲ್ಲಪ್ಪ, ಅವನು ನಮ್ಮ ಸಂಬಂಧಿಕ. ಆದ್ರೆ ಆ ತಗಡು ಇದೆ ನೋಡು, ವೇಗದಲ್ಲಿದ್ದಾಗ ದೋಣೀನ ಒಂದು ಕಡೆಗೆ ಎಳೆದುಬಿಡುತ್ತೆ. ಹಿಂದಿರೋರ ಗತಿ?" ಮಾತು ಪೂರ್ತಿ ಸುಳ್ಳಲ್ಲ. ತಗಡನ್ನು ಅತಿಯಾಗಿ ಇಳಿಸಿದರೆ ಮೂತಿ ನೀರನ್ನು ಅಗೆದು ದೋಣಿ ಅಡ್ಡ ತಿರುಗುವುದುಂಟು. ಅತಿಯಾಗಿ ಎಂಬ ಪದವನ್ನು ಮಾತ್ರ ಅವನು ನುಂಗಿಕೊಂಡಿದ್ದ.

ಕ್ಷೌರಿಕನ ಕತ್ತರಿಗಿಂತ ನಾಲಿಗೆ ಚುರುಕು. ನಾಲ್ಕೇ ದಿನದಲ್ಲಿ ವೆಲ್ಡರನ ಕಟ್ಟೆ ಖಾಲಿಯಾಯಿತು. ಕ್ಲಬ್ಬಿನ ಕಾರ್ಯದರ್ಶಿ, ನಿವೃತ್ತ ಶಿಕ್ಷಕಿ, ವೆಲ್ಡರನ ದೋಣಿ ಸದ್ಯಕ್ಕೆ ಯಾರನ್ನೂ ಎಳೆಯಕೂಡದು ಎಂದರು. ಆಮೇಲೆ ಹಗ್ಗದಣ್ಣನನ್ನೇ ಕರೆಸಿದರು.

"ಇಲ್ಲಿ ನಿಮಗಿಂತ ಅನುಭವಸ್ಥರು ಇಲ್ಲ. ನೀವೇ ಓಡಿಸಿ ನೋಡಿ, ಇರಬೇಕೋ ಬಿಚ್ಚಬೇಕೋ ಹೇಳಿ. ನಿಮ್ಮ ಮಾತೇ ಕೊನೆ."

ಹಗ್ಗದಣ್ಣನ ಎದೆ ಅಗಲವಾಯಿತು. ಆದರೆ ಹಿಂದೆ ಸ್ಕೀ ಮೇಲೆ ನಿಲ್ಲಲು ಒಬ್ಬರು ಬೇಕಲ್ಲ? ಯಾರೂ ಒಪ್ಪಲಿಲ್ಲ. ಮಗಳು ಜಾಕೆಟ್ ಹಾಕಿಕೊಂಡು ಬಂದಳು.

"ನೀನು ಬೇಡ" ಎಂದ.

"ಯಾಕೆ? ನೀನೇ ಓಡಿಸೋದಲ್ವಾ?"

ಅವನು ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿದ.

ವೆಲ್ಡರ್ ಪಕ್ಕದಲ್ಲಿ ಹಿಮ್ಮುಖವಾಗಿ ಕೂತ. ಹಿಂದಿರುವವರ ಮೇಲೆ ಕಣ್ಣಿಟ್ಟು, ಹೆಬ್ಬೆರಳು ಎತ್ತಿದರೆ ಜೋರು, ಇಳಿಸಿದರೆ ನಿಧಾನ ಎಂಬಂಥ ಅವರ ಕೈಸನ್ನೆಯನ್ನು ಚಾಲಕನಿಗೆ ಹೇಳಲು ಒಬ್ಬರು ಹಾಗೆ ಕೂರಲೇಬೇಕು. "ಹೊರಡುವಾಗ ಎರಡನ್ನೂ ಇಳಿಸಿ ಭಾವ, ವೇಗ ಹಿಡಿದ ಮೇಲೆ ಬಹುಪಾಲು ಎತ್ತಿ" ಎಂದಷ್ಟೇ ಹೇಳಿದ. ಹಗ್ಗದಣ್ಣ ಸ್ವಿಚ್ಚು ಒತ್ತಿ ವೇಗ ಕೊಟ್ಟ. ಮೂತಿ ಏಳಲೇ ಇಲ್ಲ. ಎದುರಿನ ದಂಡೆ, ಅಲ್ಲಿನ ಬೆಂಚು, ಬೆಂಚಿನ ಮೇಲಿನ ಮುದುಕ, ಎಲ್ಲ ಕೂತಲ್ಲಿಂದಲೇ ಕಂಡವು. ಮಗಳು ನೀರಿನಿಂದ ಹೂ ಎತ್ತಿದಷ್ಟು ಹಗುರಾಗಿ ಎದ್ದಳು. ವೆಲ್ಡರನ ಭಾರಕ್ಕೆ ಎಡಕ್ಕೆ ವಾಲಿದ್ದ ದೋಣಿ, ಎಡದ ತಗಡನ್ನು ಬೆರಳಷ್ಟು ಇಳಿಸಿದಾಗ ತಕ್ಕಡಿಯಂತೆ ಸಮವಾಯಿತು. ಇಷ್ಟು ಚೆಂದದ ಓಟ ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಗೆ ಒಮ್ಮೆಯೂ ದಕ್ಕಿರಲಿಲ್ಲ.

ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. ತನಗೆ ಸಿಗದಿದ್ದದ್ದು ಮೊನ್ನೆ ಬಂದವನಿಗೆ ಸಿಕ್ಕಿದೆ. ದಂಡೆಯ ಮೇಲೆ ಎಲ್ಲರೂ ನೋಡುತ್ತಿದ್ದರು. ಅವನು ಎತ್ತಬೇಕಿದ್ದ ಎರಡೂ ತಗಡುಗಳನ್ನು ಪೂರ್ತಿ ಕೆಳಕ್ಕೆ ಒತ್ತಿ ಹಿಡಿದ. ಸ್ವಲ್ಪ ಅಲುಗಾಡಲಿ, ನಾಲ್ಕು ಜನ ನೋಡಲಿ, ಅಷ್ಟೇ ಎಂದುಕೊಂಡಿದ್ದ.

ದೋಣಿ ಮೂತಿಯನ್ನು ನೀರಿಗೆ ಚುಚ್ಚಿ ಬಲಕ್ಕೆ ಗಿರಕ್ಕನೆ ಹೊರಳಿತು. ಹಗ್ಗ ಸಡಿಲವಾಗಿ, ಮರುಕ್ಷಣ ಛಟ್ಟನೆ ಬಿಗಿಯಿತು. ಮಗಳು ಗಾಳಿಯಲ್ಲಿ ಒಂದು ಸುತ್ತು ಹಾರಿ ಭುಜದ ಮೇಲೆ ಬಿದ್ದಳು.

ಅವಳನ್ನು ದೋಣಿಗೆ ಎಳೆದುಕೊಂಡಾಗ ಬಲಗೈ ಜೋತುಬಿದ್ದಿತ್ತು. ತುಟಿ ಕಚ್ಚಿಕೊಂಡಿದ್ದಳು, ಅಳಲಿಲ್ಲ. ವೆಲ್ಡರನ ಕಣ್ಣು ಸ್ವಿಚ್ಚಿನ ಮೇಲೆ ಒಮ್ಮೆ ಹೋಗಿ ಬಂತು. ಅವನಿಗೆ ಎಲ್ಲವೂ ತಿಳಿದುಹೋಯಿತು. ಕಟ್ಟೆಗೆ ಬಂದಾಗ ಕಾರ್ಯದರ್ಶಿ ಓಡಿಬಂದು, "ಏನಾಯ್ತು?" ಎಂದರು.

"ಗಾಳಿ ಬಂತು ಮೇಡಂ" ಎಂದ ವೆಲ್ಡರ್.

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಈ ಒಳ್ಳೆಯತನವೂ ಇವನಿಗೇ ಇರಬೇಕೇ ಎಂದು ಹಗ್ಗದಣ್ಣನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಬಾಯಿಬಿಟ್ಟ: "ಗಾಳಿಯಲ್ಲ. ಬೇಕಂತಲೇ ಒತ್ತಿದ್ದು ನಾನು. ತಗಡಲ್ಲಿ ಏನೂ ದೋಷ ಇಲ್ಲ. ಅಂಗಡೀಲಿ ಮಾತು ಹಬ್ಬಿಸಿದ್ದೂ ನಾನೇ."

ಮಗಳು ಅವನ ಕಡೆ ನೋಡದೆ ಚಿಕ್ಕಪ್ಪನ ಕೈ ಹಿಡಿದು ಕಟ್ಟೆ ಹತ್ತಿದಳು.

ಭುಜದ ಮೂಳೆ ಜಾರಿತ್ತು. ಏಳು ವಾರ ಪಟ್ಟಿ. ಕ್ಲಬ್ಬು ಹಗ್ಗದಣ್ಣನ ಲೈಸೆನ್ಸನ್ನು ಅಷ್ಟೇ ಕಾಲ ಎತ್ತಿಟ್ಟಿತು. ಮಗಳು ಹದಿನೈದು ದಿನ ಮಾತು ಬಿಟ್ಟಳು. ಹದಿನಾರನೆಯ ದಿನ, "ಅಪ್ಪಾ, ಈ ಬಾಟಲಿ ಮುಚ್ಚಳ ತೆಗೆದುಕೊಡು" ಎಂದಳು. ಅವನು ತೆಗೆದುಕೊಟ್ಟು, ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ.

ಅವಳ ಸ್ಪರ್ಧೆ ಮುಂದಿನ ವರ್ಷಕ್ಕೆ ಹೋಯಿತು. ಆ ವರ್ಷ ಅವಳು ಚಿಕ್ಕಪ್ಪನ ದೋಣಿಯನ್ನೇ ಆರಿಸಿಕೊಂಡಳು. ಹಿಮ್ಮುಖವಾಗಿ ಕೂರಲು ಒಬ್ಬರು ಬೇಕಾದಾಗ ವೆಲ್ಡರ್, "ಭಾವ, ನೀವೇ ಬನ್ನಿ. ಸ್ವಿಚ್ಚಿನಿಂದ ದೂರ ಕೂತ್ಕೊಳ್ಳಿ" ಎಂದ. ಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ಹಗ್ಗದಣ್ಣ ನಗದೇ ಹತ್ತಿ ಕೂತ.

ದೋಣಿ ಹೊರಟಿತು. ಇಷ್ಟು ವರ್ಷ ಅವನು ಮಗಳನ್ನು ಅಂಗೈಯಗಲದ ಕನ್ನಡಿಯಲ್ಲಿ ಒಂದು ಚುಕ್ಕೆಯಾಗಿ ನೋಡಿದ್ದ. ಈಗ ಹಗ್ಗದ ತುದಿಯಲ್ಲಿ ಅವಳ ಪೂರ್ತಿ ಮುಖ ಎದುರಿಗಿತ್ತು. ಅಲೆ ದಾಟುವ ಮೊದಲು ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದಳು, ದಾಟಿದ ಮೇಲೆ ತನ್ನಷ್ಟಕ್ಕೇ ನಗುತ್ತಿದ್ದಳು. ಈ ನಗುವನ್ನು ಈ ಸೀಟಿನಲ್ಲಿ ಕೂತು ಯಾರ್ಯಾರು ನೋಡಿದ್ದಾರೋ ಎನ್ನಿಸಿ, ಅಷ್ಟೂ ಜನರ ಮೇಲೆ ಅವನಿಗೆ ತಡೆಯಲಾರದ ಹೊಟ್ಟೆಕಿಚ್ಚು ಬಂತು. ಅವಳು ಹೆಬ್ಬೆರಳು ಮೇಲೆತ್ತಿ ತೋರಿಸಿದಳು.

"ಇನ್ನೂ ಜೋರಾಗಿ ಅಂತಿದ್ದಾಳೆ" ಎಂದ ಹಗ್ಗದಣ್ಣ, ಕಣ್ಣು ಕದಲಿಸದೆ.